ಒಂದೇ ಬಾಗಿಲು, ಕದಲದ ಬೆನ್ನೆಲುಬು

ವಾಸ್ತುಶಿಲ್ಪ ಓದುತ್ತಿರುವ ಹುಡುಗ ಹುಡುಗಿಯರು, ಜೊತೆಗೆ ಒಂದಿಷ್ಟು ಸಣ್ಣ ಕೈಗಾರಿಕೆಯ ಮಾಲೀಕರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ, ಬದಲಾವಣೆಗೆ ಹೊಂದಿಕೊಳ್ಳುವ ಕಾರ್ಖಾನೆ ಕಟ್ಟಡಗಳ ಬಗ್ಗೆ ಆಡಿದ ಮಾತು ಇದು. ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅಲ್ಲಿ ಬೆರಳು ತೋರಿಸಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಆಮೇಲೆ ದೊಡ್ಡವರ ಕಟ್ಟಡಗಳ ಕಡೆ ಹೋಗೋಣ.

ಹದಿನೈದು ವರ್ಷದ ಹಿಂದಿನ ಮಾತು. ಪೀಣ್ಯದಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಗೆ ಕಟ್ಟಡ ಮಾಡಿಕೊಟ್ಟೆ. ಹೆಸರು ಬೇಡ. ಸರ್ಕ್ಯೂಟ್ ಬೋರ್ಡ್ ಜೋಡಿಸುವುದು ಅವರ ಕೆಲಸ. ಮೊದಲನೇ ಮೀಟಿಂಗಿನಲ್ಲೇ ಮಾಲೀಕರು ಹೇಳಿದ್ದರು, "ಎಲ್ಲಾ ಫ್ಲೆಕ್ಸಿಬಲ್ ಆಗಿರಬೇಕು ಸಾರ್, ನಾಳೆ ನಮ್ಮ ಕೆಲಸ ಏನಾಗುತ್ತೋ ನಮಗೇ ಗೊತ್ತಿಲ್ಲ." ನಾನು ಜೋರಾಗಿಯೇ ತಲೆಯಾಡಿಸಿದೆ. ಕೆಳಗೆ ಶಾಪ್ ಫ್ಲೋರ್, ಮೇಲೆ ಆಫೀಸು ಅಂತ ಮಾಡಿದೆವು. ಆಫೀಸಿನಲ್ಲಿ ಒಂದೂ ಇಟ್ಟಿಗೆ ಗೋಡೆ ಇಲ್ಲ, ಎಲ್ಲ ಪಾರ್ಟಿಷನ್. ಶನಿವಾರ ಸಂಜೆ ಬಿಚ್ಚಿ ಸೋಮವಾರ ಬೆಳಿಗ್ಗೆ ಹೊತ್ತಿಗೆ ಬೇರೆ ಕಡೆ ನಿಲ್ಲಿಸಬಹುದು. ಅದನ್ನು ನಾನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ.

ನಾಲ್ಕು ವರ್ಷಕ್ಕೆ ಅವರಿಗೆ ಒಳ್ಳೆಯ ಆರ್ಡರ್ ಬಂತು. ಇನ್ನೊಂದು ಎಸ್‌ಎಂಟಿ ಲೈನ್ ಹಾಕಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೋರ್ಡಿನ ಮೇಲೆ ಪೇಸ್ಟ್ ಹಚ್ಚುವ ಯಂತ್ರ, ಬಿಡಿಭಾಗ ಕೂರಿಸುವ ಯಂತ್ರ, ಕೊನೆಗೆ ಬೆಸುಗೆ ಕರಗಿಸುವ ರಿಫ್ಲೋ ಓವನ್ ಎಲ್ಲ ಸಾಲಾಗಿ ನಿಂತರೆ ಅದೇ ಒಂದು ಲೈನ್. 15-20 ಮೀಟರ್ ಉದ್ದ ಸುಲಭವಾಗಿ ಆಗುತ್ತದೆ. ಕೆಳಗೆ ಜಾಗ ಇರಲಿಲ್ಲ. ಮೇಲೆ ಆಫೀಸು ಅರ್ಧ ಖಾಲಿ. "ಮೇಲೆ ಹಾಕೋಣ ಸಾರ್, ನಿಮ್ಮ ಗೋಡೆ ಸರಿಸಿದರೆ ಆಯ್ತಲ್ವಾ?" ಅಂದರು.

ಆಗಲಿಲ್ಲ. ಮೇಲಿನ ಸ್ಲ್ಯಾಬನ್ನು ನಾವು ಆಫೀಸು ಅಂದುಕೊಂಡು ಲೆಕ್ಕ ಹಾಕಿದ್ದೆವು. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ದೇಶದ ನಿಯಮ ಐಎಸ್ 875ರ ಪ್ರಕಾರ ಆಫೀಸಿನ ನೆಲಕ್ಕೆ ಚದರ ಮೀಟರಿಗೆ 2.5 ಕಿಲೋನ್ಯೂಟನ್ ಭಾರ ಹಿಡಿದರೆ ಸಾಕು. ಸುಮಾರು 250 ಕಿಲೋ ಅಂತಿಟ್ಟುಕೊಳ್ಳಿ. ಯಂತ್ರ ಕೂರಿಸುವ ನೆಲಕ್ಕಾದರೆ ಹಗುರ ಕೆಲಸಕ್ಕೂ 5 ಬೇಕು, ಮಧ್ಯಮಕ್ಕೆ 7, ಭಾರಿ ಕೆಲಸಕ್ಕೆ 10. ನೆಲ ಒಂದೇ ಅಲ್ಲ, ಎತ್ತರವೂ ಸಾಲಲಿಲ್ಲ. ಓವನ್ನಿನ ಹೊಗೆ ಎಳೆಯುವ ಡಕ್ಟ್ ಬೀಮಿಗೆ ತಾಗುತ್ತಿತ್ತು. ಲಿಫ್ಟಿನಲ್ಲಿ ಮನುಷ್ಯರು ಹೋಗಬಹುದಿತ್ತು, ಯಂತ್ರ ಹೋಗುವಂತಿರಲಿಲ್ಲ. ಗೋಡೆಗಳೆಲ್ಲ ಸರಿಯುತ್ತಿದ್ದವು, ಸರಿಸಿ ಉಪಯೋಗ ಇರಲಿಲ್ಲ ಅಷ್ಟೆ.

ಅಂದಿನಿಂದ ಯಾರಾದರೂ ಫ್ಲೆಕ್ಸಿಬಲ್ ಅಂದ ಕೂಡಲೇ ನಾನು ಉಲ್ಟಾ ಪ್ರಶ್ನೆ ಕೇಳುತ್ತೇನೆ. ಈ ಕಟ್ಟಡದಲ್ಲಿ ಯಾವುದು ಕದಲಬಾರದು? ಅದನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ. ಈ ಪ್ರಶ್ನೆ ನನ್ನ ಸ್ವಂತದ್ದೇನಲ್ಲ. ಇಂಗ್ಲೆಂಡಿನ ಒಂದು ಕಾರ್ಖಾನೆ, ವೇಲ್ಸಿನ ಒಂದು ಕಾರ್ಖಾನೆ, ಇವೆರಡನ್ನು ನೋಡಿ ಕಲಿತದ್ದು. ಎರಡೂ ಎಲೆಕ್ಟ್ರಾನಿಕ್ಸ್‌ಗೆ ಕಟ್ಟಿದವು. ಎರಡರಲ್ಲೂ ಉತ್ಪಾದನೆ ಮತ್ತು ಆಫೀಸು ಒಂದೇ ಸೂರಿನಡಿ ಇತ್ತು.

ಮೊದಲನೆಯದು ಸ್ವಿಂಡನ್. ರೈಲ್ವೆ ವರ್ಕ್‌ಶಾಪಿನಿಂದ ಬೆಳೆದ ಊರು, ನಮ್ಮ ಹುಬ್ಬಳ್ಳಿ ಇದ್ದ ಹಾಗೆ. ಅಲ್ಲಿ ರಿಲಯನ್ಸ್ ಕಂಟ್ರೋಲ್ಸ್ ಅನ್ನುವ ಕಂಪನಿಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಕಾರ್ಖಾನೆ ಬೇಕಾಗಿತ್ತು. ನಮ್ಮ ಅಂಬಾನಿ ರಿಲಯನ್ಸ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 1965ರಲ್ಲಿ ಈ ಕೆಲಸ ಹೋದದ್ದು ಟೀಮ್ 4 ಅನ್ನುವ ಚಿಕ್ಕ ಆಫೀಸಿಗೆ.

ಯಾರಿದ್ದರು ಅದರಲ್ಲಿ? ನಾರ್ಮನ್ ಫಾಸ್ಟರ್, ವೆಂಡಿ ಚೀಸ್‌ಮನ್, ರಿಚರ್ಡ್ ರೋಜರ್ಸ್, ಸೂ ಬ್ರಮ್‌ವೆಲ್. ಮುಂದೆ ಹಾಂಗ್‌ಕಾಂಗಿನ ಬ್ಯಾಂಕು, ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್ ಅಂತ ಇವರ ಹೆಸರು ಲೋಕವೆಲ್ಲ ಹಬ್ಬಿತು. ಆಗ ಮಾತ್ರ ಮೂವತ್ತರ ಆಸುಪಾಸಿನವರು, ಕೈಯಲ್ಲಿ ಕೆಲಸ ಕಡಿಮೆ. 1963ರಲ್ಲಿ ಆಫೀಸು ಶುರು ಮಾಡಿದಾಗ ಅಧಿಕೃತವಾಗಿ ನೋಂದಾಯಿತ ವಾಸ್ತುಶಿಲ್ಪಿ ಅಂತ ಇದ್ದವರು ವೆಂಡಿಯ ಅಕ್ಕ ಜಾರ್ಜಿ ಒಬ್ಬರೇ. ಅವರೂ ಕೆಲವೇ ತಿಂಗಳಲ್ಲಿ ಬಿಟ್ಟು ಹೋದರು. ಇಲ್ಲಿರುವ ವಿದ್ಯಾರ್ಥಿಗಳಿಗೆ ಇದು ಸ್ವಲ್ಪ ಧೈರ್ಯ ಕೊಡಲಿ ಅಂತ ಹೇಳಿದೆ.

ಈ ಕಾರ್ಖಾನೆಗೆ ಮೊದಲು ಅವರು ಕಾರ್ನ್‌ವಾಲ್ ಕಡೆ ಸೂ ಅವರ ತಂದೆ ತಾಯಿಗೆ ಒಂದು ಮನೆ ಕಟ್ಟುತ್ತಿದ್ದರು. ಕ್ರೀಕ್ ವೀನ್ ಅಂತ. ಚೆಂದದ ಮನೆ, ಮುಂದೆ ಪ್ರಶಸ್ತಿಯೂ ಬಂತು. ಆದರೆ ಕಾಂಕ್ರೀಟ್ ಬ್ಲಾಕು, ಗಾರೆ, ಒಂದೊಂದು ಮೂಲೆಗೂ ಒಂದೊಂದು ನಕ್ಷೆ. ವರ್ಷಗಟ್ಟಲೆ ಎಳೆಯಿತು. ಮನೆ ಕಟ್ಟಿ ನೋಡು ಅನ್ನೋ ಗಾದೆ ಆ ದೇಶದಲ್ಲೂ ನಿಜ ಅಂತಾಯ್ತು. ಹೀಗೆ ಕಟ್ಟುತ್ತಾ ಕೂತರೆ ಆಗದು, ಒಣ ಕೆಲಸಕ್ಕೆ ಇಳಿಯಬೇಕು, ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ತಂದು ಬೋಲ್ಟ್ ಹಾಕಿ ಜೋಡಿಸಬೇಕು ಅನ್ನೋ ಹಂಬಲ ಅವರಿಗೆ ಹುಟ್ಟಿದ್ದು ಅಲ್ಲೇ. ಫಾಸ್ಟರ್, ರೋಜರ್ಸ್ ಇಬ್ಬರೂ ಅಮೆರಿಕದ ಯೇಲ್‌ನಲ್ಲಿ ಓದುವಾಗ ಒಬ್ಬರಿಗೊಬ್ಬರು ಪರಿಚಯವಾದವರು. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ 1949ರಲ್ಲಿ ಅಂಗಡಿಯಲ್ಲಿ ಸಿಗುವ ಉಕ್ಕಿನ ಭಾಗಗಳಿಂದಲೇ ಕಟ್ಟಿಕೊಂಡ ಮನೆ ಇವರ ತಲೆಯಲ್ಲಿತ್ತು.

ಈಗ ಆ ಕಾಲದ ಸಾಧಾರಣ ಕಾರ್ಖಾನೆ ಹೇಗಿರುತ್ತಿತ್ತು ನೋಡಿ. ಮುಂದೆ ಮ್ಯಾನೇಜರುಗಳ ಡಬ್ಬಿ, ಹಿಂದೆ ಕೆಲಸಗಾರರ ಶೆಡ್ಡು. ಮುಂದಿನ ಬಾಗಿಲು ಬೇರೆ, ಹಿಂದಿನ ಗೇಟು ಬೇರೆ. ಊಟದ ಕೋಣೆಯೂ ಬೇರೆ. ನಗಬೇಡಿ, ಪೀಣ್ಯದಲ್ಲಿ ಇವತ್ತು ಒಂದು ಸುತ್ತು ಹಾಕಿ ಬನ್ನಿ. ರಸ್ತೆಯ ಕಡೆಗೆ ಗಾಜು, ಗ್ರಾನೈಟ್ ಹಾಕಿದ ಎರಡು ಮಹಡಿ. ಅದರ ಬೆನ್ನಿಗೆ ಕಾದ ಕಾವಲಿಯಂಥ ಶೀಟಿನ ಶೆಡ್ಡು. ನಾನೂ ಅಂಥವನ್ನು ಮಾಡಿದ್ದೇನೆ.

ಸ್ವಿಂಡನ್ನಿನಲ್ಲಿ ಅದನ್ನು ಒಡೆದರು. ಸುಮಾರು 3,200 ಚದರ ಮೀಟರಿನ ಒಂದೇ ಚಾವಣಿ. ಒಂದೇ ಬಾಗಿಲು. ಊಟದ ಮನೆಯೂ ಒಂದೇ. ಆಫೀಸು ಮತ್ತು ಉತ್ಪಾದನೆಯ ನಡುವೆ ಇದ್ದದ್ದು ಸರಿಸಬಹುದಾದ ಪಾರ್ಟಿಷನ್. ಅದು ಈ ಕಡೆ ಬಂದರೆ ಉತ್ಪಾದನೆ ಹಿಗ್ಗುತ್ತದೆ, ಆ ಕಡೆ ಹೋದರೆ ಆಫೀಸು ಹಿಗ್ಗುತ್ತದೆ. ನನ್ನ ಕಟ್ಟಡದಲ್ಲೂ ಪಾರ್ಟಿಷನ್ ಇತ್ತಲ್ಲ, ವ್ಯತ್ಯಾಸ ಏನು? ಅವರದು ಒಂದೇ ಮಟ್ಟದ ಒಂದೇ ನೆಲ. ಎರಡೂ ಕಡೆ ಅದೇ ಎತ್ತರ, ಅದೇ ಬೆಳಕು. ಪಾರ್ಟಿಷನ್ನಿನ ಆ ಬದಿಗೂ ಈ ಬದಿಗೂ ಮರ್ಯಾದೆ ಒಂದೇ. ನನ್ನ ಕಟ್ಟಡದಲ್ಲಿ ಆಫೀಸಿಗೆ ಒಂದು ಜಾತಿಯ ನೆಲ, ಯಂತ್ರಕ್ಕೆ ಇನ್ನೊಂದು ಜಾತಿಯ ನೆಲ ಮಾಡಿಟ್ಟಿದ್ದೆ.

ಈ ಸಮಾನತೆ ಬರೀ ಆದರ್ಶದಿಂದ ಬಂದದ್ದು ಅಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ಅದನ್ನು ಸುಲಭ ಮಾಡಿತು. ಕಬ್ಬಿಣ ಕಾಯಿಸುವ ಕಡೆ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸೋಕೆ ಆಗುವುದಿಲ್ಲ. ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಹೆಣ್ಣುಮಗಳಿಗೆ ಬೇಕಾದದ್ದು ಒಳ್ಳೆ ಬೆಳಕು, ಧೂಳಿಲ್ಲದ ಗಾಳಿ, ಹಿತವಾದ ತಾಪ. ಲೆಕ್ಕ ಬರೆಯುವವನಿಗೂ ಅದೇ ತಾನೇ ಬೇಕು? ಕೆಲಸದ ಸ್ವಭಾವವೇ ಹತ್ತಿರ ಬಂದಿತ್ತು. ಕಟ್ಟಡ ಅದನ್ನು ಒಪ್ಪಿಕೊಂಡಿತು.

ಇನ್ನು ಕಟ್ಟಿದ ಬಗೆ. ಎಂಜಿನಿಯರ್ ಆಂಥೊನಿ ಹಂಟ್. ಬಿಳಿ ಬಣ್ಣ ಬಳಿದ ಉಕ್ಕಿನ ಕಂಬ, ತೊಲೆ. ಮೇಲೆ ಮಡಿಕೆ ಮಡಿಕೆಯಾದ ಉಕ್ಕಿನ ತಗಡು. ಗೋಡೆಗೂ ಅಂಥದೇ ತಗಡು. ಮುಗಿಯಿತು. ಆದರೆ ಆ ಚಾವಣಿಯ ತಗಡನ್ನು ಎಷ್ಟು ದುಡಿಸಿದ್ದಾರೆ ನೋಡಿ. ಮಳೆ ತಡೆಯುವುದು ಒಂದು. ಇಡೀ ಕಟ್ಟಡವನ್ನು ಗಾಳಿಗೆ ಓಲಾಡದಂತೆ ಹಲಗೆಯ ಹಾಗೆ ಬಿಗಿ ಹಿಡಿಯುವುದು ಇನ್ನೊಂದು. ಮಡಿಕೆಗಳ ಹೊಟ್ಟೆಯೊಳಗೆ ಟ್ಯೂಬ್‌ಲೈಟ್ ಕೂರಿಸಿದ್ದಾರೆ, ಹಾಗಾಗಿ ಆ ಮಡಿಕೆಯೇ ದೀಪಕ್ಕೆ ಪ್ರತಿಫಲಕ. ಬೇರೆ ಲೈಟ್ ಫಿಟಿಂಗ್ ಬೇಡ, ಫಾಲ್ಸ್ ಸೀಲಿಂಗ್ ಬೇಡ. ನಮ್ಮಜ್ಜಿ ಒಂದು ಸೆರಗಿನಲ್ಲೇ ಮುಖ ಒರೆಸಿ, ಬಿಸಿ ಪಾತ್ರೆ ಇಳಿಸಿ, ಚಿಲ್ಲರೆ ಗಂಟು ಹಾಕಿಕೊಳ್ಳುತ್ತಿದ್ದರಲ್ಲ, ಹಾಗೆ.

ತೊಲೆಗಳ ತುದಿ ಗೋಡೆಯಿಂದ ಆಚೆ ಚಾಚಿಕೊಂಡಿದ್ದವು. ಇನ್ನೂ ಬೆಳೆಯಬಹುದು ಅನ್ನೋದನ್ನು ತೋರಿಸುವ ಹಾಗೆ. ಪಕ್ಕದಲ್ಲಿ ಒಂಟಿಯಾಗಿ ನಿಂತ ನೀರಿನ ಟ್ಯಾಂಕು. ಇಷ್ಟು ಚಪ್ಪಟೆ ಕಟ್ಟಡಕ್ಕೆ ಗೋಪುರ ಅಂತ ಇದ್ದದ್ದು ಅದೊಂದೇ.

ಇಲ್ಲಿ ಒಂದು ಕೀಟಲೆ ಮಾತು. ಹೊರಗಿನಿಂದ ನೋಡಿದರೆ ಪ್ರತಿಯೊಂದು ಬೇಯಲ್ಲೂ, ಅಂದರೆ ಎರಡು ಕಂಬಗಳ ನಡುವಿನ ಅಂಕಣದಲ್ಲೂ, ಕತ್ತರಿಯಂತೆ ಅಡ್ಡ ಹಾಯ್ದ ಉಕ್ಕಿನ ಸರಳು ಕಾಣುತ್ತದೆ. ಫೋಟೋಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದೂ ಅದೇ. ಲೆಕ್ಕದ ಪ್ರಕಾರ ಅಷ್ಟೂ ಬೇಕಿರಲಿಲ್ಲ. ಕೆಲವು ಬೇಗಳಿಗೆ ಹಾಕಿದ್ದರೆ ಸಾಕಿತ್ತು. ಚೆಂದಕ್ಕೆ ಅಂತ ಎಲ್ಲಾ ಕಡೆ ಹಾಕಿದರು. ಉಪಯೋಗವಿಲ್ಲದ್ದು ಏನೂ ಇಲ್ಲ ಅಂತ ಹೊಗಳಿಸಿಕೊಂಡ ಕಟ್ಟಡದಲ್ಲೇ ಹೀಗೆ. ನನಗೆ ಇದರಿಂದ ಬೇಸರವೇನಿಲ್ಲ. ಮದುವೆ ಮನೆಗೆ ಒಂದು ಚಪ್ಪರ ಸಾಕು, ಮಾವಿನ ತೋರಣ ಯಾಕೆ ಅಂತ ಯಾರಾದರೂ ಕೇಳುತ್ತಾರಾ? ಆದರೆ ತೋರಣವನ್ನು ತೊಲೆ ಅಂತ ಹೇಳಬಾರದು, ಅಷ್ಟೇ ನನ್ನ ತಕರಾರು.

1967ರಲ್ಲಿ ಈ ಕಟ್ಟಡಕ್ಕೆ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಕೈಗಾರಿಕಾ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಮೊದಲ ವರ್ಷ ಅದು. ಅದೇ ವರ್ಷ ಟೀಮ್ 4 ಒಡೆಯಿತು. ಫಾಸ್ಟರ್ ಮತ್ತು ವೆಂಡಿ ದಂಪತಿ ಒಂದು ಕಡೆ, ರೋಜರ್ಸ್ ಮತ್ತು ಸೂ ದಂಪತಿ ಇನ್ನೊಂದು ಕಡೆ. ಗೋಡೆ ಸರಿಸಬಹುದಾದ ಕಟ್ಟಡ ಮಾಡಿದವರು ಕೊನೆಗೆ ಬೇರೆ ಬೇರೆ ಸೂರು ಹುಡುಕಿಕೊಂಡರು.

ಎರಡನೇ ಕಟ್ಟಡಕ್ಕೆ ಹೋಗುವ ಮುಂಚೆ ಎಲೆಕ್ಟ್ರಾನಿಕ್ಸ್ ಒಳಗೇ ಏನು ಬದಲಾಯಿತು ಅಂತ ಹೇಳಬೇಕು. ಸ್ವಿಂಡನ್ ಕಾಲಕ್ಕೆ ಒಳ್ಳೆಯ ಬೆಳಕು, ಗಾಳಿ ಸಾಕಿತ್ತು. ಚಿಪ್ಪಿನ ಕಾಲ ಬಂದಾಗ ಧೂಳು ದೊಡ್ಡ ವೈರಿಯಾಯಿತು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಚಿಪ್ ಮಾಡುವವರು ಅರ್ಧ ಮೈಕ್ರಾನಿನ ಕಣಕ್ಕೆ ಹೆದರುತ್ತಾರೆ. ಕ್ಲಾಸ್ 100 ಅಂತ ಒಂದು ಹಳೇ ಅಳತೆ ಇದೆ. ಒಂದು ಘನ ಅಡಿ ಗಾಳಿಯಲ್ಲಿ ಅಷ್ಟು ಗಾತ್ರದ ಅಥವಾ ಅದಕ್ಕಿಂತ ದೊಡ್ಡ ಕಣ 100ಕ್ಕಿಂತ ಜಾಸ್ತಿ ಇರಬಾರದು. ನಾವೀಗ ಕೂತಿರುವ ಈ ಹಾಲಿನಲ್ಲಿ ಲೆಕ್ಕ ಹಾಕಿದರೆ ಲಕ್ಷಗಟ್ಟಲೆ ಸಿಗುತ್ತವೆ. ಆ ಧೂಳು ಹೆಚ್ಚಾಗಿ ಬರುವುದು ಎಲ್ಲಿಂದ ಗೊತ್ತಾ? ನಮ್ಮಿಂದಲೇ. ಚರ್ಮದ ಹುಡಿ, ಬಟ್ಟೆಯ ಎಳೆ, ತಲೆಹೊಟ್ಟು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ ಇದಕ್ಕೆ ಉಪಾಯ ಕಂಡುಕೊಂಡರು. ಶುದ್ಧ ಗಾಳಿಯನ್ನು ಒಂದೇ ದಿಕ್ಕಿಗೆ, ಸುಳಿ ಏಳದಂತೆ ಹರಿಸುತ್ತಲೇ ಇರುವುದು. ಹುಟ್ಟಿದ ಧೂಳನ್ನು ಹುಟ್ಟಿದಲ್ಲೇ ಗುಡಿಸಿಕೊಂಡು ಹೋಗುತ್ತದೆ.

ಇದರಿಂದ ಕಟ್ಟಡದ ಲೆಕ್ಕವೇ ತಲೆಕೆಳಗಾಯಿತು. ಅಷ್ಟು ಗಾಳಿ ತಿರುಗಿಸಲು ದೊಡ್ಡ ದೊಡ್ಡ ಯಂತ್ರ, ಆಳೆತ್ತರದ ಡಕ್ಟು ಬೇಕು. ಅನಿಲ, ಶುದ್ಧ ನೀರು, ಆಮ್ಲ ಇವಕ್ಕೆ ಪೈಪು ಬೇಕು. ಕೆಲಸ ನಡೆಯುವ ಜಾಗಕ್ಕಿಂತ ಅದಕ್ಕೆ ಚಾಕರಿ ಮಾಡುವ ಜಾಗವೇ ಜಾಸ್ತಿ. ಜೊತೆಗೆ ಸ್ಥಾಯೀ ವಿದ್ಯುತ್ತಿನ ಕಾಟ. ನಮ್ಮ ಬೆರಳಿಗೆ ಚುರುಕ್ ಅನ್ನಿಸಬೇಕಾದರೆ ಸುಮಾರು 3,000 ವೋಲ್ಟ್ ಆಗಬೇಕು. ಕೆಲವು ಬಿಡಿಭಾಗಗಳು 100 ವೋಲ್ಟಿಗೇ ಸಾಯುತ್ತವೆ. ಕೊಂದವನಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ಭೂಮಿಗೆ ಸೇರಿಸಿದ ನೆಲ, ಕೈಗೆ ಪಟ್ಟಿ, ಗಾಳಿಯಲ್ಲಿ ಹದವಾದ ತೇವ. ಬೋರ್ಡ್ ಜೋಡಿಸುವ ಸಣ್ಣ ಕಂಪನಿಗೂ ಇದು ಬಿಟ್ಟಿದ್ದಲ್ಲ.

ಈಗ ನ್ಯೂಪೋರ್ಟ್. ವೇಲ್ಸಿನ ದಕ್ಷಿಣದಲ್ಲಿದೆ. 1978ರಲ್ಲಿ ಬ್ರಿಟಿಷ್ ಸರ್ಕಾರದ ದುಡ್ಡಿನಲ್ಲಿ ಇನ್‌ಮೋಸ್ ಅನ್ನುವ ಚಿಪ್ ಕಂಪನಿ ಹುಟ್ಟಿತು. ಒಟ್ಟು 50 ಮಿಲಿಯನ್ ಪೌಂಡ್, ಎರಡು ಕಂತಿನಲ್ಲಿ. ನಡುವೆ ಸರ್ಕಾರ ಬದಲಾಯಿತು. ಎರಡನೇ ಕಂತು ಕೊಡಬೇಕಾದರೆ ಕಾರ್ಖಾನೆ ಎಲ್ಲಿ ಅನ್ನೋ ಜಗಳ. ಕಂಪನಿಗೆ ಬ್ರಿಸ್ಟಲ್ ಹತ್ತಿರ ಬೇಕು. ಕೆಲಸ ಕಳೆದುಕೊಂಡ ಊರಿಗೆ ಕೊಡಿ ಅಂತ ಸರ್ಕಾರದ ಹಟ. ಕೊನೆಗೆ ದಕ್ಷಿಣ ವೇಲ್ಸ್ ಅಂತಾಯ್ತು.

ವಿನ್ಯಾಸ ಸಿಕ್ಕಿದ್ದು ರಿಚರ್ಡ್ ರೋಜರ್ಸ್‌ಗೆ. ಎಂಜಿನಿಯರ್ ಮತ್ತದೇ ಆಂಥೊನಿ ಹಂಟ್. ಅವರ ಕಷ್ಟ ಕೇಳಿ: ಕಾರ್ಖಾನೆಯ ವಿನ್ಯಾಸ ಶುರು ಮಾಡಿದಾಗ ಜಾಗವೇ ಗೊತ್ತಿಲ್ಲ! ಚಿಪ್ ಉದ್ಯಮದ ವೇಗಕ್ಕೆ ತಿಂಗಳುಗಳನ್ನು ಕಾಯುವಂತಿಲ್ಲ. ಹಾಗಾಗಿ ಎಲ್ಲಿ ಬೇಕಾದರೂ ನಿಲ್ಲಬಲ್ಲ, ಮೊದಲೇ ತಯಾರಿಸಿ ಲಾರಿಯಲ್ಲಿ ತಂದು ಜೋಡಿಸಬಲ್ಲ ಕಟ್ಟಡ ಯೋಚಿಸಿದರು. ಇಂಥ ಕಡೆ ಏನನ್ನು ಗಟ್ಟಿ ಹಿಡಿಯುತ್ತೀರಿ?

ಅವರು ಹಿಡಿದದ್ದು ಒಂದು ಬೀದಿಯನ್ನು. ಕಟ್ಟಡದ ನಡುವೆ 7.2 ಮೀಟರ್ ಅಗಲ, 106 ಮೀಟರ್ ಉದ್ದದ ಬೆನ್ನೆಲುಬು. ನಮ್ಮ ಊರಿನ ತೇರು ಬೀದಿ ನೆನಪಿಸಿಕೊಳ್ಳಿ. ಎರಡೂ ಕಡೆಯ ಮನೆಗಳನ್ನು ಜನ ಕೆಡವುತ್ತಾರೆ, ಕಟ್ಟುತ್ತಾರೆ, ಮಾರುತ್ತಾರೆ, ಮಹಡಿ ಏರಿಸುತ್ತಾರೆ. ಬೀದಿಯ ಅಗಲಕ್ಕೆ ಮಾತ್ರ ಯಾರೂ ಕೈ ಹಾಕುವಂತಿಲ್ಲ, ಯಾಕೆಂದರೆ ವರ್ಷಕ್ಕೊಮ್ಮೆ ಅಲ್ಲಿ ತೇರು ಹೋಗಬೇಕು. ನ್ಯೂಪೋರ್ಟಿನಲ್ಲೂ ಹಾಗೇ. ಬೀದಿಯ ಉತ್ತರಕ್ಕೆ ಚಿಪ್ ಮಾಡುವ ಕ್ಲೀನ್ ರೂಮ್‌ಗಳು, ಅಂದರೆ ಧೂಳು ಸುಳಿಯದಂತೆ ಮಾಡಿದ ಕೋಣೆಗಳು. ದಕ್ಷಿಣಕ್ಕೆ ಆಫೀಸು, ಊಟದ ಮನೆ. ಎರಡೂ ಕಡೆಯವರು ಇದೇ ಬೀದಿಗೆ ಬರಬೇಕು. ಕೂತು ಮಾತಾಡಲು ಜಾಗ, ಫೋನು, ಕಾಫಿ ಮೆಷೀನು ಎಲ್ಲ ಬೀದಿಯಲ್ಲೇ. ಸ್ವಿಂಡನ್ನಿನ ಒಂದೇ ಬಾಗಿಲು ಇಲ್ಲಿ ಒಂದೇ ಬೀದಿಯಾಗಿ ಬೆಳೆದಿದೆ ಅಂತ ನನಗನ್ನಿಸುತ್ತದೆ.

ಕ್ಲೀನ್ ರೂಮ್ ಬಂದ ಮೇಲೆ ಗೋಡೆ ಸರಿಸುವ ಮಾತು ಕಷ್ಟ. ಅಲ್ಲಿ ಕೆಲಸ ಮಾಡುವವರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡೇ ಒಳಗೆ ಹೋಗಬೇಕು. ಮುಂಚೆ ಮನೆಯಲ್ಲಿ ಮಡಿ ಉಟ್ಟವರನ್ನು ಮುಟ್ಟುವಂತಿರಲಿಲ್ಲವಲ್ಲ, ಅದಕ್ಕಿಂತ ಕಟ್ಟುನಿಟ್ಟು. ಆದ್ದರಿಂದಲೇ ಮಡಿಯವರೂ ಮಡಿಯಿಲ್ಲದವರೂ ಸೇರುವ ನಡುಮನೆಯಂತೆ ಈ ಬೀದಿ ಬೇಕಾಯಿತು.

ಬೀದಿಯ ತಲೆಯ ಮೇಲೆ ನೀಲಿ ಬಣ್ಣದ ಉಕ್ಕಿನ ಗೋಪುರಗಳ ಸಾಲು. ಅವುಗಳಿಂದ ಇಳಿದ ಸರಳುಗಳು ಎರಡೂ ಬದಿಯ ಚಾವಣಿಯ ಟ್ರಸ್‌ಗಳನ್ನು, ಅಂದರೆ ಸರಳು ಜೋಡಿಸಿ ಮಾಡಿದ ತೊಲೆಗಳನ್ನು, ಎತ್ತಿ ಹಿಡಿದಿವೆ, ತೂಗುಸೇತುವೆಯ ಹಾಗೆ. ಹೀಗಾಗಿ ಒಳಗೆ ಕೆಲಸದ ಜಾಗದಲ್ಲಿ ಒಂದೂ ಕಂಬ ಇಲ್ಲ. ಗಾಳಿಯ ಯಂತ್ರಗಳನ್ನು ಆ ಗೋಪುರಗಳ ನಡುವೆ, ಬೀದಿಯ ನೆತ್ತಿಯ ಮೇಲೆ ಕೂರಿಸಿದ್ದಾರೆ. ಪೈಪುಗಳು ಚಾವಣಿಯ ಹೊರಗೇ ಓಡಿ ಬೇಕಾದ ಕಡೆ ಒಳಗಿಳಿಯುತ್ತವೆ. ಯಂತ್ರ ಹಳತಾಯಿತು, ತೆಗೆದು ಹೊಸದು ಹಾಕಬೇಕು ಅಂದರೆ ಕ್ರೇನು ಮೇಲಿನಿಂದಲೇ ಎತ್ತಬಹುದು. ರಿಪೇರಿಯವನು ತನ್ನ ಬೂಟು ಹಾಕಿಕೊಂಡು ಕ್ಲೀನ್ ರೂಮಿನೊಳಗೆ ಬರಬೇಕಾಗಿಲ್ಲ. ಹೊರಗೋಡೆಯ ಚೌಕಟ್ಟಿನಲ್ಲಿ ಗಾಜೂ ಕೂರುತ್ತದೆ, ಮುಚ್ಚಿದ ಹಲಗೆಯೂ ಕೂರುತ್ತದೆ. ಇನ್ನೂ ಬೇ ಬೇಕಾದರೆ ಬೀದಿಯನ್ನು ಉದ್ದ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವರು ಹಾಸಿಗೆಯನ್ನೇ ಬಿಚ್ಚಿ ಹಾಸುವಂತೆ ಮಾಡಿದರು.

ಇದೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಇಷ್ಟು ಉಕ್ಕನ್ನು ಮಳೆಯಲ್ಲಿ ಬೆತ್ತಲೆ ನಿಲ್ಲಿಸಿದರೆ ಬಣ್ಣ ಬಳಿಯುತ್ತಲೇ ಇರಬೇಕು. ಚಾವಣಿಯನ್ನು ಸರಳೋ ಪೈಪೋ ತೂರಿದ ಪ್ರತಿ ಜಾಗವೂ ನೀರಿಗೆ ಆಹ್ವಾನ. ವೇಲ್ಸಿನಲ್ಲೂ ಮಳೆಗೆ ಬರವಿಲ್ಲ. ಆಗುಂಬೆ ಕಡೆ ಯಾರಾದರೂ ಹೀಗೆ ಕಟ್ಟಿ ಅಂದರೆ ನಾನಂತೂ ಕೈ ಮುಗಿದು ವಾಪಸ್ ಬರುತ್ತೇನೆ. ಕಲಿಯಬೇಕಾದದ್ದು ಆ ಬೀದಿಯನ್ನು. ಗೋಪುರಗಳನ್ನು ಫೋಟೋದಲ್ಲಿ ನೋಡಿದರೆ ಸಾಕು.

ಕಟ್ಟಡ 1982ರಲ್ಲಿ ಮುಗಿಯಿತು. ಇನ್‌ಮೋಸ್ ಹೆಸರು ಉಳಿದದ್ದು ಟ್ರಾನ್ಸ್‌ಪ್ಯೂಟರ್ ಅನ್ನುವ ಚಿಪ್ಪಿನಿಂದ. ಹಲವು ಚಿಪ್ಪುಗಳು ಒಂದಕ್ಕೊಂದು ನೇರ ಮಾತಾಡಿಕೊಂಡು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡಲಿ ಅನ್ನೋದು ಅದರ ವಿಚಾರ. ನಮಗೂ ಇದಕ್ಕೂ ಒಂದು ನಂಟಿದೆ. ಅಮೆರಿಕ ನಮಗೆ ಸೂಪರ್ ಕಂಪ್ಯೂಟರ್ ಕೊಡಲು ಸತಾಯಿಸಿದಾಗ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಮಾಡಿತಲ್ಲ, ಅದರ ಹೊಟ್ಟೆಯಲ್ಲಿದ್ದದ್ದು ಇನ್‌ಮೋಸ್ ಟ್ರಾನ್ಸ್‌ಪ್ಯೂಟರ್‌ಗಳು.

ಕಂಪನಿ ಮಾತ್ರ ಬಾಳಲಿಲ್ಲ. 1984ರಲ್ಲಿ ಥಾರ್ನ್ ಇಎಂಐ ಕೊಂಡಿತು. 1989ರಲ್ಲಿ ಎಸ್‌ಜಿಎಸ್-ಥಾಮ್ಸನ್. ಆಮೇಲೆ ಇಂಟರ್‌ನ್ಯಾಷನಲ್ ರೆಕ್ಟಿಫೈಯರ್, ಇನ್ಫಿನಿಯನ್, ನ್ಯೂಪೋರ್ಟ್ ವೇಫರ್ ಫ್ಯಾಬ್. 2021ರಲ್ಲಿ ನೆಕ್ಸ್‌ಪೀರಿಯಾ ಕೈಗೆ ಹೋಯಿತು. ನೆಕ್ಸ್‌ಪೀರಿಯಾದ ಒಡೆತನ ಚೀನಾದವರದ್ದು ಅಂತ 2022ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರವೇ ಮಾರಿಬಿಡಿ ಅಂತ ಆದೇಶ ಮಾಡಿತು. 2024ರಲ್ಲಿ ಅಮೆರಿಕದ ವಿಷೇ ಕೊಂಡಿತು. ಮೆಮೊರಿ ಚಿಪ್ಪು, ಪ್ರೊಸೆಸರ್ ಮಾಡಲು ಹುಟ್ಟಿದ ಜಾಗ ಈಗ ವಿದ್ಯುತ್ ನಿಭಾಯಿಸುವ ಚಿಪ್ಪುಗಳನ್ನು ಮಾಡುತ್ತದೆ. ಅಕ್ಕಪಕ್ಕ ಹೊಸ ಕಟ್ಟಡಗಳು ಎದ್ದಿವೆ, ಯಂತ್ರಗಳು ಎಷ್ಟೋ ಸಲ ಬದಲಾಗಿವೆ. ನಲವತ್ತು ವರ್ಷ ದಾಟಿದರೂ ಚಿಪ್ಪು ಮಾಡುವುದು ನಿಂತಿಲ್ಲ. ಈ ಉದ್ಯಮದಲ್ಲಿ ಅದು ಅಜ್ಜನ ವಯಸ್ಸು.

ಸ್ವಿಂಡನ್ನಿನದು? 1991ರಲ್ಲಿ ಕೆಡವಿದರು.

ಇಷ್ಟೆಲ್ಲ ಜಾಣತನ ಇಲ್ಲದೆಯೂ ಒಂದು ಕಟ್ಟಡ ಹೊಂದಿಕೊಂಡು ಹೋಗಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 20ನೇ ನಂಬರಿನ ಕಟ್ಟಡ ಅಂತ ಇತ್ತು. 1943ರಲ್ಲಿ, ಯುದ್ಧದ ಮಧ್ಯೆ ರೇಡಾರ್ ಸಂಶೋಧನೆಗೆ ಅವಸರದಲ್ಲಿ ಎಬ್ಬಿಸಿದ ಮರದ ಕಟ್ಟಡ. ಯುದ್ಧ ಮುಗಿದ ಮೇಲೆ ಕೆಡವುವ ಮಾತಿತ್ತು. 1998ರವರೆಗೆ ನಿಂತಿತು! ವೈರು, ಪೈಪು ಎಲ್ಲ ಹೊರಗೇ ಕಾಣುತ್ತಿತ್ತು, ಬೇಕಾದವರು ಬೇಕಾದ ಕಡೆ ಕೊಕ್ಕೆ ಹಾಕಿಕೊಂಡರು. ಜೆರಾಲ್ಡ್ ಝಕರಾಯಸ್ ಅನ್ನುವ ವಿಜ್ಞಾನಿ ಪರಮಾಣು ಗಡಿಯಾರ ಮಾಡುವಾಗ ಉದ್ದದ ಕೊಳವೆ ನಿಲ್ಲಿಸಬೇಕಾಯಿತು. ಎರಡು ಮಹಡಿಯ ನೆಲ ಕೊಯ್ದು ಹಾಕಿದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇದನ್ನು ಓದಿದಾಗಲೆಲ್ಲ ನಮ್ಮ ವೃತ್ತಿಯ ಬಗ್ಗೆ ಸ್ವಲ್ಪ ಅನುಮಾನ ಬರುತ್ತದೆ. ಆ ಕಟ್ಟಡದಲ್ಲಿ ಕದಲದೆ ಇದ್ದದ್ದು ದಪ್ಪ ದಪ್ಪ ಮರದ ತೊಲೆಗಳು ಮತ್ತು ಯಾರೂ ಬೇಡ ಅನ್ನದ ಸ್ವಾತಂತ್ರ್ಯ. ಎರಡನೆಯದನ್ನು ನಕ್ಷೆಯಲ್ಲಿ ಬರೆಯೋದು ಹೇಗೆ?

ಈಗ ನಾನು ಏನು ಮಾಡುತ್ತೇನೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಫ್ರಾಂಕ್ ಡಫಿ ಅನ್ನುವ ವಾಸ್ತುಶಿಲ್ಪಿ ಕಟ್ಟಡವನ್ನು ಆಯಸ್ಸಿನ ಪ್ರಕಾರ ಪದರ ಪದರವಾಗಿ ನೋಡಿ ಅಂದರು. ಆಮೆಯ ಚಿಪ್ಪಿನಂತಿರುವ ಹೊರ ಮೈ ಮತ್ತು ಕಂಬ ತೊಲೆ 50 ವರ್ಷ ಬಾಳಬೇಕು. ಗಾಳಿ, ನೀರು, ಕರೆಂಟಿನ ವ್ಯವಸ್ಥೆ 15 ವರ್ಷಕ್ಕೆ ಹಳತಾಗುತ್ತದೆ. ಒಳಗಿನ ಪಾರ್ಟಿಷನ್ 5-7 ವರ್ಷ. ಮೇಜು ಕುರ್ಚಿಯಂತೂ ದಿನಾ ಓಡಾಡುತ್ತವೆ. 15 ವರ್ಷದ ಪೈಪನ್ನು 50 ವರ್ಷದ ಸ್ಲ್ಯಾಬಿನೊಳಗೆ ಹೂತರೆ ಮುಂದೆ ಯಾರೋ ಡ್ರಿಲ್ ಹಿಡಿದು ನಮಗೆ ಬೈಯುತ್ತಾರೆ. ಹಾಗಾಗಿ ನನ್ನ ಮೊದಲ ನಕ್ಷೆಯಲ್ಲಿ ಕೋಣೆಗಳೇ ಇರುವುದಿಲ್ಲ. ಬೀದಿ ಎಲ್ಲಿ, ಯಂತ್ರ ಒಳಗೆ ಬರುವ ದೊಡ್ಡ ಬಾಗಿಲು ಎಲ್ಲಿ, ಡಕ್ಟು ಇಳಿಯುವ ಕಂಡಿ ಎಲ್ಲಿ, ಅಷ್ಟೇ. ಕಂಬಗಳ ನಡುವೆ ಆದಷ್ಟು 12 ಮೀಟರ್ ಕೇಳುತ್ತೇನೆ. ಆಫೀಸಿಗೂ ಶಾಪ್ ಫ್ಲೋರಿನ ಭಾರವನ್ನೇ ಬರೆಸುತ್ತೇನೆ, ಅದಕ್ಕೆ ಎಂಜಿನಿಯರ್ ಜೊತೆ ಪ್ರತಿ ಸಲ ಜಗಳ. ಸ್ವಿಚ್ ಬೋರ್ಡ್ ಕೋಣೆಯಲ್ಲಿ ಇನ್ನೊಂದು ಬೋರ್ಡಿಗೆ ಖಾಲಿ ಗೋಡೆ ಬಿಡುತ್ತೇನೆ. ಅಲ್ಲಿ ಯಾರೋ ಚಪ್ಪಲಿ ಸ್ಟ್ಯಾಂಡ್ ಇಡುತ್ತಾರೆ. ಇಟ್ಟುಕೊಳ್ಳಲಿ, ಅದನ್ನು ಎತ್ತೋಕೆ ಎರಡು ನಿಮಿಷ ಸಾಕು.

ಮಾತು ಮುಗಿದ ಮೇಲೆ ಒಂದಷ್ಟು ಪ್ರಶ್ನೆ ಬಂದವು.

ಒಬ್ಬ ಮಾಲೀಕರು ನೇರವಾಗಿ ಕೇಳಿದರು, "ಇದಕ್ಕೆಲ್ಲ ಖರ್ಚು ಎಷ್ಟು ಜಾಸ್ತಿ?" ಶೇಕಡಾ ಇಷ್ಟು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ಲ್ಯಾಬಿಗೆ ಕಬ್ಬಿಣ, ಸಿಮೆಂಟು ಜಾಸ್ತಿ ಬೇಕು. ಮಹಡಿಯ ಎತ್ತರ ಒಂದು ಮೀಟರ್ ಏರಿದರೆ ಗೋಡೆ ಅಷ್ಟು ಏರುತ್ತದೆ. ಫಾಲ್ಸ್ ಸೀಲಿಂಗ್ ಬಿಟ್ಟರೆ, ರಸ್ತೆ ಕಡೆಯ ಗಾಜಿನ ಮುಖವಾಡ ಬಿಟ್ಟರೆ ಒಂದಿಷ್ಟು ವಾಪಸ್ ಬರುತ್ತದೆ. ಆ ಗಾಜು ಬಿಡಿ ಅಂದಾಗ ಅವರ ಮುಖ ಸಣ್ಣಗಾಯಿತು.

ಒಬ್ಬ ವಿದ್ಯಾರ್ಥಿನಿ, "ಅಷ್ಟು ಒಳ್ಳೆಯ ಕಟ್ಟಡವನ್ನು ಸ್ವಿಂಡನ್ನಿನಲ್ಲಿ ಉಳಿಸಿಕೊಳ್ಳಬಾರದಿತ್ತಾ?" ಅಂತ ಕೇಳಿದಳು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 30 ವರ್ಷ ತುಂಬಿದ ಕಟ್ಟಡವನ್ನು ಮಾತ್ರ ಸಂರಕ್ಷಣೆಯ ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಅಷ್ಟು ವಯಸ್ಸಾಗಿರಲಿಲ್ಲ. ಬೋಲ್ಟ್ ಹಾಕಿ ಬೇಗ ಕಟ್ಟಿದ್ದು ಬೇಗ ಬಿಚ್ಚಲೂ ಸುಲಭ. ಅದೂ ಒಂಥರಾ ಫ್ಲೆಕ್ಸಿಬಲ್ಲೇ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು, ಎಲ್ಲರೂ ನಕ್ಕೆವು.

ಕೊನೆಗೆ ಒಬ್ಬರು ಪೀಣ್ಯದ ಆ ಕಂಪನಿ ಏನಾಯಿತು ಅಂತ ಕೇಳಿದರು. ಚೆನ್ನಾಗಿದೆ. ಎರಡನೇ ಲೈನನ್ನು ರಸ್ತೆಯ ಆಚೆ ಬಾಡಿಗೆ ಶೆಡ್ಡಿನಲ್ಲಿ ಹಾಕಿಕೊಂಡರು. ಬೋರ್ಡುಗಳು ಟ್ರಾಲಿಯಲ್ಲಿ ರಸ್ತೆ ದಾಟಿ ಬರುತ್ತವೆ. ಮಳೆಗಾಲದಲ್ಲಿ ಟ್ರಾಲಿಗೆ ಪ್ಲಾಸ್ಟಿಕ್ ಹೊದಿಸಿ, ಮುಂದೆ ಒಬ್ಬ ಹುಡುಗ ಲಾರಿಗಳಿಗೆ ಕೈ ತೋರಿಸುತ್ತಾ ಓಡುತ್ತಾನೆ. ಹೋದ ತಿಂಗಳು ಆ ಕಡೆ ಹೋಗಿದ್ದೆ. ಮೇಲಿನ ಆಫೀಸಿನಲ್ಲಿ ನನ್ನ ಪಾರ್ಟಿಷನ್‌ಗಳು ಹಾಗೇ ನಿಂತಿವೆ. ಇಷ್ಟು ವರ್ಷದಲ್ಲಿ ಒಂದನ್ನೂ ಯಾರೂ ಸರಿಸಿಲ್ಲವಂತೆ.